ಮುಕ್ಕಾಲು ಕೆಜಿ ಪೆಟ್ರೋಲ್, 2.3 ಕೆಜಿ ಕಾರ್ಬನ್ ಡೈಆಕ್ಸೈಡ್

ನಮ್ಮ ಮನೆ ಹತ್ತಿರದ ಪೆಟ್ರೋಲ್ ಬಂಕ್ ಪಕ್ಕ ಒಂದು ಹಳೇ ಓಮ್ನಿ ನಿಂತಿರುತ್ತದೆ. ಹಿಂದಿನ ಬಾಗಿಲು ಮೇಲಕ್ಕೆತ್ತಿರುತ್ತದೆ. ಒಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಹುಡುಗ. ಎಮಿಷನ್ ಮಾಡಿಸಲು ಹೋದರೆ ಅವನು ಸೈಲೆನ್ಸರಿನೊಳಗೆ ಉದ್ದನೆಯ ಕೊಳವೆ ತೂರಿಸುತ್ತಾನೆ, ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾನೆ, ಎರಡು ನಿಮಿಷದಲ್ಲಿ ಸರ್ಟಿಫಿಕೇಟ್ ಕೈಗಿಡುತ್ತಾನೆ. ಹೋದ ತಿಂಗಳು ನನ್ನ ಸ್ಕೂಟರಿಗೆ ಮಾಡಿಸಿದಾಗ ಆ ಚೀಟಿಯನ್ನು ಮೊದಲ ಸಲ ಪೂರ್ತಿ ಓದಿದೆ. ಕಾರ್ಬನ್ ಮೊನಾಕ್ಸೈಡ್ ಎಷ್ಟು, ಹೈಡ್ರೊಕಾರ್ಬನ್ ಎಷ್ಟು, ಎಷ್ಟರವರೆಗೆ ಇರಬಹುದು ಅಂತೆಲ್ಲ ಇತ್ತು. ಪಾಸ್. "ಗಾಡಿ ಚೆನ್ನಾಗಿದೆ ಸಾರ್, ಹೊಗೇನೇ ಇಲ್ಲ" ಎಂದ ಹುಡುಗ.

ಅವನು ಹೇಳಿದ್ದು ನಿಜ. ಆದರೆ ಭೂಮಿಯನ್ನು ಬಿಸಿ ಮಾಡುತ್ತಿರುವ ಅನಿಲಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಕಾರ್ಬನ್ ಡೈಆಕ್ಸೈಡ್‌ಗೆ ಆ ಪರೀಕ್ಷೆಯಲ್ಲಿ ಪಾಸು ಫೇಲು ಇಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಇಂಜಿನ್ ಕೆಟ್ಟಿದ್ದರಿಂದ ಬರುವಂಥದ್ದೂ ಅಲ್ಲ ಅದು. ಇಂಜಿನ್ ಪೆಟ್ರೋಲನ್ನು ಎಷ್ಟು ಚೆನ್ನಾಗಿ ಉರಿಸುತ್ತದೋ ಅಷ್ಟೂ ಪಕ್ಕಾ ಆಗಿ ಕೊನೆಗೆ ಉಳಿಯುವುದು ಎರಡೇ: ನೀರಿನ ಆವಿ, ಕಾರ್ಬನ್ ಡೈಆಕ್ಸೈಡ್. ಸಾರಿಗೆ ಮತ್ತು ಹವಾಮಾನದ ಬಗ್ಗೆ ಮಾತಾಡುವಾಗ ನಮಗೆ ಆಗುವ ಗೊಂದಲ ಮುಕ್ಕಾಲು ಪಾಲು ಇಲ್ಲಿಂದಲೇ ಶುರುವಾಗುತ್ತದೆ.

ಮೊದಲು ಲೀಟರಿನ ಲೆಕ್ಕ ನೋಡೋಣ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ 640 ಗ್ರಾಂ ಬರೀ ಕಾರ್ಬನ್. ಉರಿಯುವಾಗ ಒಂದೊಂದು ಕಾರ್ಬನ್ ಪರಮಾಣುವೂ ಗಾಳಿಯಿಂದ ಎರಡೆರಡು ಆಕ್ಸಿಜನ್ ಪರಮಾಣುಗಳನ್ನು ಹಿಡಿದುಕೊಳ್ಳುತ್ತದೆ. ಕಾರ್ಬನ್ನಿನ ತೂಕ 12 ಎಂದರೆ ಆ ಎರಡು ಆಕ್ಸಿಜನ್‌ಗಳದ್ದು 32. ಎರಡೂ ಸೇರಿ 44. ಅಂದರೆ 12 ಗ್ರಾಂ ಕಾರ್ಬನ್ ಉರಿದರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹೀಗಾಗಿ ಟ್ಯಾಂಕಿಗೆ ಹೋದದ್ದು ಮುಕ್ಕಾಲು ಕೆಜಿ, ಸೈಲೆನ್ಸರಿನಿಂದ ಬಂದದ್ದು ಸುಮಾರು 2.3 ಕೆಜಿ. ಹೆಚ್ಚಿನ ತೂಕ ಎಲ್ಲಿಂದ ಬಂತು ಅಂದರೆ, ನಾವು ಉಸಿರಾಡುವ ಗಾಳಿಯಿಂದಲೇ. ಡೀಸೆಲ್ ಸ್ವಲ್ಪ ದಪ್ಪ ಎಣ್ಣೆ, ಅದಕ್ಕೆ ಲೀಟರಿಗೆ ಸುಮಾರು 2.7 ಕೆಜಿ.

2.3 ಕೆಜಿ ಅನಿಲ ಅಂದರೆ ಎಷ್ಟು ಜಾಗ? ಮನೆ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ನೋಡಿ. ಅದು ಪೂರ್ತಿ ತುಂಬಿ, ಇನ್ನೊಂದು ಟ್ಯಾಂಕಿನ ಕಾಲು ಭಾಗಕ್ಕೂ ಬೇಕಾಗುವಷ್ಟು. ಒಂದೇ ಒಂದು ಲೀಟರ್ ಪೆಟ್ರೋಲಿನಿಂದ. ಈ ಲೆಕ್ಕ ಮಾಡಿದ ದಿನದಿಂದ ಬಂಕಿನಲ್ಲಿ ಮೀಟರ್ ಓಡುವುದನ್ನು ನೋಡುವಾಗ ನನಗೆ ರೂಪಾಯಿಯ ಜೊತೆ ಟ್ಯಾಂಕುಗಳೂ ಕಾಣುತ್ತವೆ.

ಹಾಗಾದರೆ ಕಪ್ಪು ಹೊಗೆ? ಅದೂ ಕೆಟ್ಟದ್ದೇ, ಆದರೆ ಅದರ ಕೆಡುಕೇ ಬೇರೆ. ಮಸಿಯ ಕಣ, ನೈಟ್ರೊಜನ್ ಆಕ್ಸೈಡ್, ಗಂಧಕ ಇವೆಲ್ಲ ನಮ್ಮ ಶ್ವಾಸಕೋಶಕ್ಕೆ ಹೋಗುತ್ತವೆ. ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಪೊಲೀಸರು, ರಸ್ತೆ ಬದಿ ಹಣ್ಣು ಮಾರುವವರು, ಆಟೊ ಓಡಿಸುವವರು ಇದರ ಪೆಟ್ಟು ಮೊದಲು ತಿನ್ನುತ್ತಾರೆ. ಇದನ್ನು ತಡೆಯಲು 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 (ಬಿಎಸ್ 6) ಎಂಬ ಹೊಗೆಯ ನಿಯಮ ಬಂತು. ಎಣ್ಣೆಯಲ್ಲಿನ ಗಂಧಕ ಹತ್ತು ಲಕ್ಷದಲ್ಲಿ 50 ಭಾಗ ಇದ್ದದ್ದು 10ಕ್ಕೆ ಇಳಿಯಿತು. ದೊಡ್ಡ ಕೆಲಸವೇ ಅದು. ಆದರೆ ಬಿಎಸ್ 6 ಗಾಡಿಯಲ್ಲೂ ಲೀಟರಿಗೆ 2.3 ಕೆಜಿ ಹಾಗೇ ಇದೆ. ಹೊಗೆಯನ್ನು ಸೋಸಲು ಫಿಲ್ಟರ್ ಉಂಟು. ಕಾರ್ಬನ್ ಡೈಆಕ್ಸೈಡನ್ನು ಸೋಸುವ ಫಿಲ್ಟರ್ ಯಾವ ಕಾರಿನಲ್ಲೂ ಇಲ್ಲ. ಅದನ್ನು ಕಡಿಮೆ ಮಾಡಲು ಇರುವುದು ಒಂದೇ ದಾರಿ, ಎಣ್ಣೆ ಕಡಿಮೆ ಉರಿಸುವುದು.

ಈ ಅನಿಲ ಬಿಸಿ ಮಾಡುವುದು ಹೇಗೆ ಅನ್ನುವುದು ಹಳ್ಳಿಯಲ್ಲಿ ಬೆಳೆದವರಿಗೆ ಸುಲಭವಾಗಿ ತಿಳಿಯುತ್ತದೆ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿ ನಕ್ಷತ್ರ ಹೊಳೆಯುವ ರಾತ್ರಿ ಚಳಿ ಜಾಸ್ತಿ. ಮೋಡ ಕವಿದ ರಾತ್ರಿ ಸೆಖೆ. ಹಗಲಿಡೀ ಬಿಸಿಲು ಕುಡಿದ ನೆಲ ರಾತ್ರಿ ಆ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಮೋಡ ಅದನ್ನು ತಡೆದು ಒಂದಿಷ್ಟನ್ನು ವಾಪಸ್ ಕಳಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಮಾಡುವುದೂ ಇದನ್ನೇ. ವ್ಯತ್ಯಾಸ ಇಷ್ಟೇ, ಮೋಡ ಬೆಳಿಗ್ಗೆ ಚದುರುತ್ತದೆ, ಇದು ಚದುರುವುದಿಲ್ಲ. ಗದ್ದೆಯಿಂದ, ಹಸುವಿನ ಹೊಟ್ಟೆಯಿಂದ ಬರುವ ಮಿಥೇನ್ ಇದಕ್ಕಿಂತ ಬಹಳ ಜೋರು, ಆದರೆ ಹನ್ನೆರಡು ವರ್ಷದ ಆಸುಪಾಸಿನಲ್ಲಿ ಕರಗುತ್ತದೆ. ಕಾರ್ಬನ್ ಡೈಆಕ್ಸೈಡಿನ ಒಂದು ಭಾಗ ನೂರಾರು ವರ್ಷ ಉಳಿಯುತ್ತದೆ. ನಮ್ಮ ತಾತ ಓಡಿಸಿದ ಬುಲೆಟ್ಟಿನದ್ದು ಇನ್ನೂ ಮೇಲಿದೆ.

ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಗಾಳಿಯಲ್ಲಿನ ಈ ಅನಿಲವನ್ನು ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇತ್ತು. ಕಾರ್ಖಾನೆಗಳ ಕಾಲಕ್ಕೆ ಮೊದಲು 280ರ ಹತ್ತಿರ ಇತ್ತು ಎಂದು ಹಿಮದಲ್ಲಿ ಸಿಕ್ಕಿಬಿದ್ದ ಹಳೇ ಗಾಳಿಯ ಗುಳ್ಳೆಗಳಿಂದ ಗೊತ್ತು. 2024ರಲ್ಲಿ ಅದು 424ರ ಆಸುಪಾಸಿಗೆ ಬಂದಿದೆ.

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು. ಇದು ತಪ್ಪಿದರೆ ಪೇಪರಿನಲ್ಲಿ ಬರುವ ಅಂಕಿ ಅಂಶಗಳೆಲ್ಲ ತಲೆಕೆಳಗಾಗಿ ಕಾಣುತ್ತವೆ. ಮನೆಯ ಸಂಪ್ ನೆನಪು ಮಾಡಿಕೊಳ್ಳಿ. ನಲ್ಲಿಯಿಂದ ನೀರು ಬೀಳುತ್ತಿದೆ, ತಳದಲ್ಲಿ ಒಂದು ಬಿರುಕಿನಿಂದ ಸ್ವಲ್ಪ ಸೋರುತ್ತಿದೆ. ಬೀಳುವುದು ಸೋರುವುದಕ್ಕಿಂತ ಜಾಸ್ತಿ ಇರುವ ತನಕ ಮಟ್ಟ ಏರುತ್ತಲೇ ಇರುತ್ತದೆ. ನಲ್ಲಿ ಸ್ವಲ್ಪ ತಿರುಗಿಸಿ ನೀರು ಕಡಿಮೆ ಮಾಡಿದರೂ ಏರುತ್ತದೆ, ನಿಧಾನವಾಗಿ ಅಷ್ಟೇ. ನಾವು ಪ್ರತಿವರ್ಷ ಕಲ್ಲಿದ್ದಲು, ಎಣ್ಣೆ, ಗ್ಯಾಸ್, ಸಿಮೆಂಟಿನಿಂದ ಬಿಡುವ ಕಾರ್ಬನ್ ಡೈಆಕ್ಸೈಡ್ ನಲ್ಲಿಯ ನೀರು. ಸಮುದ್ರ, ಕಾಡು, ಮಣ್ಣು ಅದರಲ್ಲಿ ಅರ್ಧದಷ್ಟನ್ನು ಹೀರಿಕೊಳ್ಳುತ್ತವೆ, ಅದು ಸೋರಿಕೆ. ಉಳಿದದ್ದು ಸಂಪಿನಲ್ಲಿ.

2020ರ ಲಾಕ್‌ಡೌನ್ ಇದಕ್ಕೆ ಸಾಕ್ಷಿ. ವಿಮಾನ ನಿಂತವು, ಹೈವೇ ಖಾಲಿ, ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಹಕ್ಕಿ ಕೂಗು ಕೇಳಿಸುತ್ತಿತ್ತು. ಆ ವರ್ಷ ಜಗತ್ತಿನ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ಇಳಿದದ್ದು ನೂರಕ್ಕೆ ಐದರಷ್ಟು. ಮೌನಾ ಲೋವಾದ ಅಳತೆ ಆ ವರ್ಷವೂ ಏರಿತು. ನಲ್ಲಿ ಒಂಚೂರು ತಿರುಗಿತ್ತು, ನಿಂತಿರಲಿಲ್ಲ.

ನಲ್ಲಿಯ ಲೆಕ್ಕ ಹೀಗಿದೆ. 1990ರ ಹೊತ್ತಿಗೆ ಜಗತ್ತು ವರ್ಷಕ್ಕೆ ಸುಮಾರು 2,200ರಿಂದ 2,300 ಕೋಟಿ ಟನ್ ಬಿಡುತ್ತಿತ್ತು. ಈಗ 3,700 ಕೋಟಿ ಟನ್ ಹತ್ತಿರ. ಇದರಲ್ಲಿ ಸಾರಿಗೆಯದು ಸುಮಾರು 800 ಕೋಟಿ ಟನ್, ಅಂದರೆ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. 1990ರಲ್ಲಿ ಅದು 500 ಕೋಟಿಯೂ ಇರಲಿಲ್ಲ. ವಿಮಾನ, ಹಡಗು ಎಲ್ಲ ಸೇರಿಸಿ ನೋಡಿದರೂ ಸಾರಿಗೆಯ ನಾಲ್ಕರಲ್ಲಿ ಮೂರು ಪಾಲು ರಸ್ತೆಯದ್ದೇ.

ಹಲವು ದೇಶಗಳಲ್ಲಿ ಬೇರೆಲ್ಲ ಇಳಿಯುತ್ತಿದ್ದರೂ ಸಾರಿಗೆ ಮಾತ್ರ ಇಳಿಯಲು ಒಪ್ಪುತ್ತಿಲ್ಲ. ಯುರೋಪಿಯನ್ ಒಕ್ಕೂಟ 1990ಕ್ಕೆ ಹೋಲಿಸಿದರೆ ತನ್ನ ಒಟ್ಟು ಹೊರಸೂಸುವಿಕೆಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಿದೆ. ಅದೇ ಒಕ್ಕೂಟದಲ್ಲಿ ಸಾರಿಗೆಯದು 1990ರ ಮಟ್ಟಕ್ಕಿಂತ ಮೇಲೆಯೇ ಇದೆ. ಅಮೆರಿಕದಲ್ಲಿ, ಬ್ರಿಟನ್‌ನಲ್ಲಿ ವಿದ್ಯುತ್ತನ್ನು ಹಿಂದೆ ಹಾಕಿ ಸಾರಿಗೆಯೇ ಮೊದಲ ಸ್ಥಾನಕ್ಕೆ ಬಂದಿದೆ. ಕಾರಣ ಹುಡುಕಲು ಕಷ್ಟವಿಲ್ಲ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ನೂರೋ ಇನ್ನೂರೋ ಇರುತ್ತವೆ, ಅವನ್ನು ಮುಚ್ಚಿ ಗಾಳಿಯಂತ್ರ ನಿಲ್ಲಿಸಬಹುದು. ಕಾರಿನ ಇಂಜಿನ್‌ಗಳು ಕೋಟಿಗಟ್ಟಲೆ, ಒಂದೊಂದಕ್ಕೂ ಒಬ್ಬ ಮಾಲೀಕ. ಇಂಜಿನ್ ಹೆಚ್ಚು ಮೈಲೇಜ್ ಕೊಡುವಂತಾದರೆ ಕಾರುಗಳು ಇನ್ನೂ ದೊಡ್ಡದಾಗುತ್ತವೆ. ನಮ್ಮಲ್ಲೇ ಈಗ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ ಥರದವು. ಹತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಉಳಿದ ಪೆಟ್ರೋಲನ್ನು ತೂಕ ತಿಂದುಬಿಟ್ಟಿತು.

ಭಾರತದ ವಿಷಯ ಬಂದಾಗ ಎರಡು ಸಂಖ್ಯೆಗಳನ್ನು ಒಟ್ಟಿಗೇ ಹೇಳಬೇಕು. ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕದ ನಂತರ ಮೂರನೆಯವರು ನಾವೇ. ತಲಾ ಲೆಕ್ಕದಲ್ಲಿ ನಮ್ಮದು ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್, ಅಮೆರಿಕನ್ನರದು ಸುಮಾರು 14. ಸಂಪು ಈ ಮಟ್ಟಕ್ಕೆ ತುಂಬಿದ್ದರಲ್ಲಿ ನಮ್ಮ ಪಾಲು ಸಣ್ಣದು. ನಮ್ಮ ಸಾರಿಗೆಯ ಪಾಲು ದೇಶದ ಒಟ್ಟು ಹೊರಸೂಸುವಿಕೆಯಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ. ಹಾಗಂತ ಸುಮ್ನೆ ಕೂರುವುದು ಸರಿಯಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮೊದಲ ಕಾರು ಕೊಳ್ಳಬೇಕಾದ ಮನೆಗಳು ನಮ್ಮಲ್ಲಿ ಇನ್ನೂ ಕೋಟಿಗಟ್ಟಲೆ ಇವೆ. ನಮ್ಮ ಊರುಗಳು ಈಗ ಯಾವ ಥರ ಬೆಳೆಯುತ್ತವೋ ಮುಂದಿನ ಐವತ್ತು ವರ್ಷದ ಎಣ್ಣೆ ಖರ್ಚು ಅದರಲ್ಲೇ ಬರೆದುಹೋಗುತ್ತದೆ. 2070ಕ್ಕೆ ನಿವ್ವಳ ಸೊನ್ನೆಗೆ, ಅಂದರೆ ಬಿಟ್ಟಷ್ಟನ್ನೂ ವಾಪಸ್ ಹೀರಿಕೊಳ್ಳುವ ಸ್ಥಿತಿಗೆ, ಬರುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ ದೇಶ ಮಾತು ಕೊಟ್ಟಿದೆ.

ಈಗ ಬೆಂಗಳೂರಿನ ಹೊರವರ್ತುಲ ರಸ್ತೆಗೆ ಬನ್ನಿ. ಬೆಳಿಗ್ಗೆ ಒಂಬತ್ತು ಗಂಟೆ. ನಿಮ್ಮ ಎಡಕ್ಕೆ ಒಬ್ಬರೇ ಕೂತ ಕಾರು. ಬಲಕ್ಕೆ ಸ್ಕೂಟರ್. ಮುಂದೆ ಬಿಎಂಟಿಸಿ ಬಸ್ಸು, ಫುಟ್‌ಬೋರ್ಡಿನ ತನಕ ಜನ. ಈ ಟ್ರಾಫಿಕ್ಕಿನಲ್ಲಿ ಕಾರು ಲೀಟರಿಗೆ 12 ಕಿಮೀ ಕೊಟ್ಟರೆ ಒಂದು ಕಿಮೀಗೆ 190 ಗ್ರಾಂ ಕಾರ್ಬನ್ ಡೈಆಕ್ಸೈಡ್, ಅಷ್ಟೂ ಒಬ್ಬರ ಲೆಕ್ಕಕ್ಕೆ. ಸ್ಕೂಟರ್ 45 ಕಿಮೀ ಕೊಟ್ಟರೆ 51 ಗ್ರಾಂ. ಡೀಸೆಲ್ ಬಸ್ಸು ಲೀಟರಿಗೆ 4 ಕಿಮೀ ಅಂದುಕೊಳ್ಳಿ. ಒಂದು ಕಿಮೀಗೆ 675 ಗ್ರಾಂ! ನೋಡಲು ಭಯ ಆಗುವ ಸಂಖ್ಯೆ. ಐವತ್ತು ಜನಕ್ಕೆ ಹಂಚಿದರೆ ತಲಾ ಹದಿಮೂರೂವರೆ ಗ್ರಾಂ. ಕಾರಿನವರದ್ದಕ್ಕೆ ಹೋಲಿಸಿದರೆ ಹದಿನಾಲ್ಕನೇ ಒಂದು ಭಾಗ.

ಅದೇ ಬಸ್ಸಿನಲ್ಲಿ ಹತ್ತೇ ಜನ ಇದ್ದರೆ? ತಲಾ 68 ಗ್ರಾಂ ಆಗುತ್ತದೆ, ಸ್ಕೂಟರಿಗಿಂತ ಜಾಸ್ತಿ. ಆದ್ದರಿಂದ ಬಸ್ಸು ಅನ್ನುವುದಕ್ಕಿಂತ ತುಂಬಿದ ಬಸ್ಸು ಅನ್ನುವುದೇ ಸರಿ. ಬಸ್ಸು ತುಂಬಬೇಕಾದರೆ ಅದು ಹೊತ್ತಿಗೆ ಸರಿಯಾಗಿ ಬರಬೇಕು, ಸ್ಟಾಪಿನ ತನಕ ನಡೆಯಲು ಫುಟ್‌ಪಾತ್ ಇರಬೇಕು, ಜಾಮಿನಲ್ಲಿ ಕಾರುಗಳ ಹಿಂದೆ ಅದೂ ನಿಲ್ಲುವಂತಿರಬಾರದು. 2019ರಲ್ಲಿ ಇದೇ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ, ಬಸ್ಸಿಗೇ ಬೇರೆ ಪಥ ಮಾಡಿದ್ದರು. ಪಕ್ಕದ ಕಾರುಗಳು ನಿಂತಿದ್ದಾಗ ಬಸ್ಸು ಸಾಗುತ್ತಿದ್ದ ದೃಶ್ಯ ನನಗೆ ಇನ್ನೂ ನೆನಪಿದೆ. ಆಮೇಲೆ ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು. ಮೆಟ್ರೊ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಳಿ ಗೆರೆ ಮತ್ತು ಕಂಬಗಳಿಂದ ಕೆಲವೇ ವಾರದಲ್ಲಿ ಆದ ಆ ಕೆಲಸವನ್ನು ನಾವು ಅಷ್ಟು ಸುಲಭವಾಗಿ ಬಿಟ್ಟುಕೊಡಬಾರದಿತ್ತು.

ಎಲೆಕ್ಟ್ರಿಕ್ ಗಾಡಿ ಬಂದರೆ ಎಲ್ಲ ಸರಿಹೋಗುತ್ತದೆ ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ರೇವಾ ಕಾರು 2001ರಲ್ಲಿ ಇಲ್ಲಿಂದಲೇ ಬಂತು. ಬಿಎಂಟಿಸಿ 2014ರಲ್ಲೇ ಎಲೆಕ್ಟ್ರಿಕ್ ಬಸ್ಸನ್ನು ಓಡಿಸಿ ನೋಡಿತ್ತು. ಎಲೆಕ್ಟ್ರಿಕ್ ವಾಹನಕ್ಕೇ ಅಂತ ನೀತಿ ತಂದ ಮೊದಲ ರಾಜ್ಯವೂ ನಮ್ಮದೇ, 2017ರಲ್ಲಿ. ಆದರೆ ಸೈಲೆನ್ಸರ್ ಇಲ್ಲ ಎಂದ ಮಾತ್ರಕ್ಕೆ ಲೆಕ್ಕ ಸೊನ್ನೆ ಆಗುವುದಿಲ್ಲ. ಸೈಲೆನ್ಸರ್ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಚಿಮಣಿಗೆ ಹೋಗಿರುತ್ತದೆ. ದೇಶದ ಸರಾಸರಿ ನೋಡಿದರೆ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಇದೆ, ಕಲ್ಲಿದ್ದಲಿನ ಪಾಲು ಅಷ್ಟು ದೊಡ್ಡದು.

ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ನಷ್ಟ ಸೇರಿ ಕಿಮೀಗೆ 0.035 ಯೂನಿಟ್ ತಿಂದರೆ 25 ಗ್ರಾಂ, ಪೆಟ್ರೋಲ್ ಸ್ಕೂಟರಿನ ಅರ್ಧ. ಒಳ್ಳೆಯ ಉಳಿತಾಯ. ಕಾರು 0.16 ಯೂನಿಟ್ ತಿಂದರೆ 112 ಗ್ರಾಂ. ಇಲ್ಲೂ ಉಳಿತಾಯ ಇದೆ, ಆದರೆ ತುಂಬಿದ ಡೀಸೆಲ್ ಬಸ್ಸಿನ ಹದಿಮೂರೂವರೆಗೆ ಹೋಲಿಸಿ ನೋಡಿ. ಒಬ್ಬರೇ ಕೂತ ಎಲೆಕ್ಟ್ರಿಕ್ ಕಾರು ತುಂಬಿದ ಡೀಸೆಲ್ ಬಸ್ಸನ್ನು ಇವತ್ತು ಸೋಲಿಸಲಾರದು.

ಎಲೆಕ್ಟ್ರಿಕ್ ಬಸ್ಸಿನ ಲೆಕ್ಕ ಮಾಡಿದಾಗ ನನಗೇ ಅಚ್ಚರಿ ಆಯಿತು. ಕಿಮೀಗೆ ಒಂದು ಯೂನಿಟ್ ಅಂದರೆ 700 ಗ್ರಾಂ. ಡೀಸೆಲ್ ಬಸ್ಸಿನದ್ದು 675. ಹೆಚ್ಚುಕಡಿಮೆ ಒಂದೇ! ಹಾಗಾದರೆ ಬದಲಾಯಿಸಿ ಏನು ಬಂತು? ಬಂದದ್ದು ಬಹಳ ಇದೆ. ಮೊದಲನೆಯದಾಗಿ ಬೀದಿಯಲ್ಲಿ ಹೊಗೆ ಇಲ್ಲ. ಅದಕ್ಕಿಂತ ದೊಡ್ಡದು ಮುಂದಿನ ಹತ್ತು ವರ್ಷ. ಇವತ್ತು ಕೊಂಡ ಡೀಸೆಲ್ ಬಸ್ಸು ಗುಜರಿಗೆ ಹೋಗುವ ದಿನವೂ ಲೀಟರಿಗೆ 2.7 ಕೆಜಿಯನ್ನೇ ಬಿಡುತ್ತದೆ. ಎಲೆಕ್ಟ್ರಿಕ್ ಬಸ್ಸಿನ ಲೆಕ್ಕ ಮಾತ್ರ ಗ್ರಿಡ್ಡಿಗೆ ಬಿಸಿಲು, ಗಾಳಿ ಸೇರಿದಷ್ಟೂ ತಾನಾಗೇ ಇಳಿಯುತ್ತದೆ. ನಮ್ಮಲ್ಲಿ ಶರಾವತಿಯ 1,035 ಮೆಗಾವ್ಯಾಟ್ ನೀರಿನ ಕರೆಂಟಿದೆ, ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಬಿಸಿಲಿನ ಕರೆಂಟಿದೆ. ಪಾವಗಡದ ಕರೆಂಟು ಜೋರಾಗಿ ಹರಿಯುವುದು ಮಧ್ಯಾಹ್ನ, ಬಸ್ಸುಗಳು ಡಿಪೊದಲ್ಲಿ ಚಾರ್ಜ್ ಆಗುವುದು ಹೆಚ್ಚಾಗಿ ರಾತ್ರಿ. ಬೆಳಗಿನ ರಶ್ ಮುಗಿದ ಮೇಲೆ, ಸಂಜೆಯ ರಶ್ ಶುರುವಾಗುವ ಮೊದಲು ಒಂದಿಷ್ಟು ಬಸ್ಸುಗಳನ್ನು ಬಿಸಿಲಿನ ಕರೆಂಟಿನಲ್ಲಿ ಚಾರ್ಜ್ ಮಾಡಿದರೆ ಅದೇ ಬಸ್ಸು, ಅದೇ ದಾರಿ, ಲೆಕ್ಕ ಮಾತ್ರ ಬೇರೆ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಒಂಬತ್ತರ ಹತ್ತಿರ ಎಲೆಕ್ಟ್ರಿಕ್. ಅಲ್ಲಿನ ಕರೆಂಟು ಬಹುಪಾಲು ಜಲಪಾತಗಳದ್ದು, ಹಾಗಾಗಿ ಅಲ್ಲಿ ಉಳಿತಾಯ ಪೂರ್ತಿ ಸಿಗುತ್ತದೆ.

ಎಥೆನಾಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆಸುತ್ತಾರೆ. ಹಾಗಾಗಿ ಲೀಟರಿಗೆ 2.3 ಕೆಜಿ ಅನ್ನುವುದು ಬರೀ ಪೆಟ್ರೋಲಿನ ಲೆಕ್ಕ. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಕಾರ್ಬನ್ನೇ ಎಥೆನಾಲ್ ಉರಿದಾಗ ಮರಳುತ್ತದೆ, ಆದ್ದರಿಂದ ಅದು ಹೊಸ ಹೊರೆ ಅಲ್ಲ ಎನ್ನುತ್ತಾರೆ. ಮಾತು ಸರಿ, ಆದರೆ ಪೂರ್ತಿ ಅಲ್ಲ. ಕಬ್ಬಿಗೆ ಹಾಕಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಮಾಡುತ್ತದೆ. ಕಾವೇರಿ, ಕೃಷ್ಣೆಯ ನೀರಿನ ಲೆಕ್ಕ ಬೇರೆ ಇದೆ.

ನಮ್ಮ ಕಣ್ಣು ಕಾರು ಬೈಕುಗಳ ಮೇಲೆ ಇದ್ದಾಗ ತಪ್ಪಿಸಿಕೊಳ್ಳುವುದು ಲಾರಿ. ಸಂಖ್ಯೆಯಲ್ಲಿ ತೀರಾ ಚಿಕ್ಕ ಪಾಲು, ಆದರೆ ಭಾರತದ ಸಾರಿಗೆಯ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಮೂರನೇ ಒಂದು ಭಾಗ ಲಾರಿಗಳದ್ದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ರೈಲಿನಲ್ಲಿ ಹೋಗುತ್ತಿತ್ತು. ಈಗ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ತಡೆ ಬಹಳ ಕಡಿಮೆ. ರಬ್ಬರ್ ಟೈರು ಪ್ರತಿ ಸುತ್ತಿಗೂ ಅಮುಕಿ ಹಿಗ್ಗಿ ಬಿಸಿಯಾಗುತ್ತದೆ. ಆ ಬಿಸಿ ಡೀಸೆಲ್ಲಿನಿಂದಲೇ ಬಂದದ್ದು.

ಇದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಚೆಂದದ ಉದಾಹರಣೆ ಇದೆ. ಕೊಂಕಣ ರೈಲ್ವೆ 1999ರಲ್ಲಿ ರೋರೋ ಸೇವೆ ಶುರು ಮಾಡಿತು, ಆಮೇಲೆ ಅದು ಸುರತ್ಕಲ್‌ಗೂ ಬಂತು. ತುಂಬಿದ ಲಾರಿಗಳು ಇಳಿಜಾರು ಹತ್ತಿ ಒಂದರ ಹಿಂದೊಂದು ಚಪ್ಪಟೆ ವ್ಯಾಗನ್ ಮೇಲೆ ನಿಲ್ಲುತ್ತವೆ. ಗಾಲಿಗೆ ಅಡೆ ಕೊಟ್ಟು ಸರಪಳಿ ಬಿಗಿಯುತ್ತಾರೆ. ಚಾಲಕರು ಕ್ಯಾಬಿನ್ನಿನಲ್ಲೇ ಕಾಲು ಚಾಚಿ ಮಲಗುತ್ತಾರೆ. ಲಾರಿಗಳನ್ನು ಹೊತ್ತ ರೈಲು ಸೇತುವೆ, ಸುರಂಗ ದಾಟಿ ಮಹಾರಾಷ್ಟ್ರದ ಕೋಲಾಡ್ ಕಡೆ ಹೊರಡುತ್ತದೆ. ಸುಮಾರು 700 ಕಿಮೀ ದಾರಿ. ಲೀಟರಿಗೆ 4 ಕಿಮೀ ಕೊಡುವ ಲಾರಿಗೆ ಇದು 175 ಲೀಟರ್ ಡೀಸೆಲ್, 470 ಕೆಜಿ ಕಾರ್ಬನ್ ಡೈಆಕ್ಸೈಡ್. ರೈಲಿಗೂ ಕರೆಂಟು ಬೇಕು, ನಿಜ. ಆದರೆ ಬಹಳ ಕಡಿಮೆ ಬೇಕು, ಮತ್ತು 2022ರಿಂದ ಆ ಮಾರ್ಗ ಪೂರ್ತಿ ವಿದ್ಯುತ್ತಿನದು. ಚಾಲಕನಿಗೆ ಒಂದು ರಾತ್ರಿ ನಿದ್ದೆ ಸಿಗುತ್ತದೆ, ಘಾಟಿಯ ತಿರುವುಗಳಲ್ಲಿ ಒಂದಿಷ್ಟು ಅಪಘಾತ ತಪ್ಪುತ್ತದೆ. ಇದನ್ನು ಯಾರೂ ಎಮಿಷನ್ ಟೆಸ್ಟಿನಲ್ಲಿ ಅಳೆಯುವುದಿಲ್ಲ.

ನಮ್ಮಕ್ಕನ ಮನೆ ಹುಬ್ಬಳ್ಳಿಯಲ್ಲಿ. ದೀಪಾವಳಿಗೆ ನಾವು ನಾಲ್ವರು ಬೆಂಗಳೂರಿನಿಂದ ಹೋಗಬೇಕಿತ್ತು, ಮಗಳು ಲೆಕ್ಕ ಹಾಕಲು ಕೂತಳು. ರಸ್ತೆ 410 ಕಿಮೀ. ಹೈವೇಯಲ್ಲಿ ಲೀಟರಿಗೆ 16 ಕಿಮೀ ಕೊಡುವ ಕಾರಾದರೆ 59 ಕೆಜಿ, ತಲಾ 15. ನಾನೊಬ್ಬನೇ ಅದೇ ಕಾರಿನಲ್ಲಿ ಹೋಗಿದ್ದರೆ 59 ಕೆಜಿಯೂ ನನ್ನದೇ. ಲೀಟರಿಗೆ 5 ಕಿಮೀ ಕೊಡುವ, 45 ಜನ ಕೂತ ಬಸ್ಸಾದರೆ ತಲಾ 5. ರೈಲು ಇದಕ್ಕಿಂತಲೂ ಒಳ್ಳೆಯದು ಅನ್ನಿಸಿ ಮೊದಲು ಅದಕ್ಕೇ ಪ್ರಯತ್ನಿಸಿದೆವು. ಹಬ್ಬಕ್ಕೆ ಎರಡು ತಿಂಗಳ ಮೊದಲೇ ಸೀಟು ಮುಗಿದಿತ್ತು, ವೇಟಿಂಗ್ ಲಿಸ್ಟ್ ಮೇಲಕ್ಕೆ ಸರಿಯಲೇ ಇಲ್ಲ. ಇನ್ನೊಂದು ರೈಲು ಬಿಟ್ಟಿದ್ದರೂ ತುಂಬುತ್ತಿತ್ತು ಎಂದು ಟಿಕೆಟ್ ಕೌಂಟರಿನಲ್ಲಿದ್ದವರೇ ಹೇಳಿದರು. ರಾತ್ರಿ ಬಸ್ಸಿಗೆ ನಾಲ್ಕು ಟಿಕೆಟ್ ಮಾಡಿಸಿದೆವು. ಕಾರು ಮನೆ ಮುಂದೆ ನಿಂತಿತ್ತು.